ರೀಮ್ಯಾಪ್ ಮಾಡಿಸಿದ ಕಾರಿಗೆ ತಕ್ಕ ಕ್ಲಚ್

ಪುಣೆಯಲ್ಲಿ ನೆಲೆಸಿ ಊರಿಗೆಂದು ಬೆಳಗಾವಿ, ಹುಬ್ಬಳ್ಳಿ ಕಡೆಗೆ ಓಡಾಡುವ ಕನ್ನಡಿಗರಲ್ಲಿ ಟರ್ಬೊ ಡೀಸೆಲ್ ಕಾರಿಗೆ ರೀಮ್ಯಾಪ್ ಮಾಡಿಸಿಕೊಂಡವರು ಹಲವರಿದ್ದಾರೆ. ರೀಮ್ಯಾಪ್ ಎಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ (ಇಸಿಯು) ತಂತ್ರಾಂಶ ಬದಲಿಸುವುದು. ಬದಲಿಸಿದ ದಿನವೇ ಪಿಕಪ್ ಹೆಚ್ಚುತ್ತದೆ; ಆದರೆ ಕ್ಲಚ್ ಮಾತ್ರ ಕಂಪನಿಯವರು ಎಂಜಿನ್ನಿನ ಹಳೆಯ ತಿರುಗು ಬಲಕ್ಕೆ, ಅಂದರೆ ಹಳೆಯ ಟಾರ್ಕ್‌ಗೆ ಲೆಕ್ಕ ಹಾಕಿ ಕೊಟ್ಟದ್ದೇ ಆಗಿರುತ್ತದೆ. ಆ ಲೆಕ್ಕದಲ್ಲಿ ಒಂದಿಷ್ಟು ಹೆಚ್ಚುವರಿ ಸಾಮರ್ಥ್ಯವನ್ನು ಇಟ್ಟಿರುತ್ತಾರಾದರೂ, ಕ್ಲಚ್ಚಿನ ಉಜ್ಜುವ ಪ್ಲೇಟ್ ಸವೆದಿರುವ ಕಾರಿನಲ್ಲಿ ರೀಮ್ಯಾಪ್ ಅದನ್ನು ಬೇಗ ನುಂಗಿಬಿಡುತ್ತದೆ. ಆಗ ಸಿಗುವುದರಲ್ಲೇ ಅತಿ ಬಲವಾದ ಕ್ಲಚ್ ತಂದು ಹಾಕಿಸಬೇಕೆನ್ನಿಸುವುದು ಸಹಜ. ನನ್ನ ಅಭಿಪ್ರಾಯದಲ್ಲಿ, ಕಾದು ಬಿಸಿಯಾದಾಗಲೂ ಎಂಜಿನ್ನಿನ ಟಾರ್ಕ್ ಹಿಡಿದಿಡಬಲ್ಲ ಕ್ಲಚ್‌ಗಳ ಪೈಕಿ ಅತ್ಯಂತ ಮೆತ್ತಗಿನದನ್ನು ಆರಿಸುವುದೇ ಸರಿ.

ಮೊದಲು ಕ್ಲಚ್ ನಿಜವಾಗಿಯೂ ಜಾರುತ್ತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ವಾಹನ ಸಂಚಾರವಿಲ್ಲದ ಸಣ್ಣ ಏರಿನಲ್ಲಿ, ನಾಲ್ಕನೆಯ ಗೇರಿನಲ್ಲಿ ಸುಮಾರು 1,500 ಆರ್‌ಪಿಎಂನಿಂದ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ನೋಡಿರಿ. ಟರ್ಬೊ ಡೀಸೆಲ್ ಎಂಜಿನ್‌ಗಳಲ್ಲಿ ಟಾರ್ಕ್ ಸಾಮಾನ್ಯವಾಗಿ 1,800ರಿಂದ 2,500 ಆರ್‌ಪಿಎಂ ನಡುವೆ ಶಿಖರ ಮುಟ್ಟುವುದರಿಂದ, ಅಲ್ಲಿ ಆರ್‌ಪಿಎಂ ಮುಳ್ಳು ತಟ್ಟನೆ ಮೇಲೇರಿಯೂ ವೇಗ ಅದರ ಜೊತೆಗೆ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದೇ ಅರ್ಥ. ಆದರೆ ಜಾರುವುದಕ್ಕೆಲ್ಲ ರೀಮ್ಯಾಪ್ ಒಂದೇ ಕಾರಣವಲ್ಲ. ಕ್ರ್ಯಾಂಕ್‌ಶಾಫ್ಟ್‌ನ ಹಿಂಬದಿಯ ಆಯಿಲ್ ಸೀಲಿನಿಂದಲೋ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲಿನಿಂದಲೋ ಎಣ್ಣೆ ಒಸರಿ ಪ್ಲೇಟಿಗೆ ತಾಗಿದ್ದರೂ, ಪೆಡಲ್ ಬಿಟ್ಟ ಮೇಲೆ ಹೈಡ್ರಾಲಿಕ್ ಒತ್ತಡ ಪೂರ್ತಿ ಇಳಿಯದೆ ಉಳಿದರೂ ಇದೇ ಲಕ್ಷಣ ಕಾಣಿಸುತ್ತದೆ. ಸೀಲ್ ಸೋರುತ್ತಿದ್ದರೆ ಎಷ್ಟು ದುಬಾರಿಯ ಕ್ಲಚ್ ಹಾಕಿಸಿದರೂ ಅದೂ ಜಾರುತ್ತದೆ.

ಕ್ಲಚ್ ಹಿಡಿದಿಡಬಲ್ಲ ಟಾರ್ಕನ್ನು ನಾಲ್ಕು ಸಂಗತಿಗಳ ಗುಣಾಕಾರ ನಿರ್ಧರಿಸುತ್ತದೆ: ಉಜ್ಜುವ ಮೈಗಳ ಸಂಖ್ಯೆ, ಘರ್ಷಣಾಂಕ, ಪ್ಲೇಟನ್ನು ಫ್ಲೈವೀಲಿಗೆ (ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರಕ್ಕೆ) ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಒತ್ತು ಬಲ ಮತ್ತು ಪ್ಲೇಟಿನ ಸರಾಸರಿ ತ್ರಿಜ್ಯ. ಹೊರವ್ಯಾಸ 240 ಮಿ.ಮೀ., ಒಳವ್ಯಾಸ 160 ಮಿ.ಮೀ. ಇರುವ ಪ್ಲೇಟಿನ ಸರಾಸರಿ ತ್ರಿಜ್ಯ 100 ಮಿ.ಮೀ. ಆಗುತ್ತದೆ. ಒಂದು ಪ್ಲೇಟಿಗೆ ಉಜ್ಜುವ ಮೈ ಎರಡು. ಘರ್ಷಣಾಂಕ 0.3, ಒತ್ತು ಬಲ 6,000 ನ್ಯೂಟನ್ ಎಂದಿಟ್ಟುಕೊಂಡರೆ ಸಾಮರ್ಥ್ಯ 360 ನ್ಯೂಟನ್ ಮೀಟರ್. ಮೂಲದಲ್ಲಿ 250 ಇದ್ದು ರೀಮ್ಯಾಪ್ ಬಳಿಕ 320ಕ್ಕೆ ಏರಿದ ಕಾರಿಗೆ ಇದು ಕಾಗದದ ಮೇಲೆ ಧಾರಾಳವಾಗಿ ಸಾಲುತ್ತದೆ. ಆದರೆ ಪುಣೆ–ಸಾತಾರಾ ದಾರಿಯ ಖಂಬಾಟಕಿ ಘಾಟಿನಲ್ಲಿ ಲಾರಿಗಳ ಹಿಂದೆ ಹಾಫ್ ಕ್ಲಚ್‌ನಲ್ಲಿ ತೆವಳಿ, ಪ್ಲೇಟ್ ಕಾದು ಘರ್ಷಣಾಂಕ 0.25ಕ್ಕೆ ಇಳಿದರೆ ಅದೇ ಸಾಮರ್ಥ್ಯ 300ಕ್ಕೆ ಕುಸಿಯುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಹಿಡಿದ ಕ್ಲಚ್ ಘಾಟಿನಲ್ಲಿ ಜಾರುವುದು ಹೀಗೆ. ಒತ್ತು ಬಲವನ್ನು ಶೇಕಡಾ 20ರಷ್ಟು ಹೆಚ್ಚಿಸಿದರೆ ಬಿಸಿಯಲ್ಲೂ 360 ಉಳಿಯುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಡೈನೊದಲ್ಲಿ (ಎಂಜಿನ್ನಿನ ಬಲ ಅಳೆಯುವ ಯಂತ್ರದಲ್ಲಿ) ಅಳೆದ ಟಾರ್ಕ್ ಅಂಕಿ ಕೈಯಲ್ಲಿರಬೇಕು. ಹಾರ್ಸ್‌ಪವರ್ ಅಂಕಿಯಿಂದ ಕ್ಲಚ್ ಆರಿಸಲಾಗದು.

ನಗರದೊಳಗೆ ನಿತ್ಯ ಓಡುವ ಕಾರಿಗೆ ಸ್ವಲ್ಪ ಬಿಗಿಯಾದ ಪ್ರೆಷರ್ ಪ್ಲೇಟ್ ಮತ್ತು ಸ್ಪ್ರಿಂಗ್ ಇರುವ ಹಬ್‌ನ ಆರ್ಗ್ಯಾನಿಕ್ (ನಾರು, ರಾಳ ಬೆರೆಸಿದ ಮೈಯ) ಪ್ಲೇಟ್ ಇವೆರಡರ ಜೋಡಿಯನ್ನೇ ನಾನು ಸೂಚಿಸುತ್ತೇನೆ. ಸೆರಾಮಿಕ್ ಬಿಲ್ಲೆಗಳ ಪ್ಲೇಟ್ ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ನಿಜ. ಆದರೆ ಅದು ಹಿಡಿಯುವ ರೀತಿ ಒರಟು, ಹಾಫ್ ಕ್ಲಚ್‌ನಲ್ಲಿ ಕಾರು ನಡುಗುತ್ತದೆ, ಫ್ಲೈವೀಲ್ ಬೇಗ ಸವೆಯುತ್ತದೆ. ಟ್ವಿನ್ ಪ್ಲೇಟ್ ಕ್ಲಚ್ ಇದಕ್ಕಿಂತ ಬಹಳ ಹೆಚ್ಚಿನ ಟಾರ್ಕ್‌ಗೆ ಬೇಕಾದದ್ದು. ಪ್ರೆಷರ್ ಪ್ಲೇಟ್ ವಿಪರೀತ ಬಿಗಿಯಾದರೆ ಎಡಗಾಲಿಗೆ ಮಾತ್ರವಲ್ಲ, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗಿಗೂ ಕ್ರ್ಯಾಂಕಿನ ಥ್ರಸ್ಟ್ ಬೇರಿಂಗಿಗೂ ಹೊರೆ ಹೆಚ್ಚುತ್ತದೆ.

ಡ್ಯುಯಲ್ ಮಾಸ್ ಫ್ಲೈವೀಲ್ ಇರುವ ಕಾರಾದರೆ ಇನ್ನೊಂದು ಯೋಚನೆಯಿದೆ. ಅದರ ಎರಡು ತೂಕಗಳ ನಡುವಿನ ಸ್ಪ್ರಿಂಗುಗಳಿಗೂ ಟಾರ್ಕ್ ಮಿತಿ ಇರುತ್ತದೆ. ಗೇರ್‌ಬಾಕ್ಸ್ ಇಳಿಸಿದಾಗ ಕೈಯಿಂದ ತಿರುಗಿಸಿ, ಅಲುಗಾಡಿಸಿ, ಸಡಿಲಿಕೆ ತಯಾರಕರು ಹೇಳಿದ ಮಿತಿಯೊಳಗಿದೆಯೇ ಎಂದು ನೋಡಿಸಬೇಕು. ಸಿಂಗಲ್ ಮಾಸ್‌ಗೆ ಬದಲಾಯಿಸಿದರೆ ಗಟ್ಟಿತನ ಸಿಗುತ್ತದೆ, ಜೊತೆಗೆ ಐಡ್ಲಿಂಗ್‌ನಲ್ಲಿ ಗೇರ್‌ಬಾಕ್ಸಿನ ಗಲಗಲ ಸದ್ದೂ ಬರುತ್ತದೆ. ಆ ಸದ್ದನ್ನು ಸಹಿಸಲಾರದವರು ಈ ದಾರಿ ಹಿಡಿಯಬಾರದು.

ಜೋಡಣೆಯ ದಿನ ರಿಲೀಸ್ ಬೇರಿಂಗ್, ಸೀಲ್ ಮತ್ತು ಫ್ಲೈವೀಲ್ ಬೋಲ್ಟುಗಳನ್ನು ಹೊಸದಾಗಿಯೇ ಹಾಕಿಸಬೇಕು. ಗೇರ್‌ಬಾಕ್ಸ್ ಇಳಿಸುವ ಕೂಲಿಯ ಮುಂದೆ ಇವುಗಳ ಬೆಲೆ ದೊಡ್ಡದಲ್ಲ. ಸಾಮಾನ್ಯ ಫ್ಲೈವೀಲಿನ ಮೈ ನೀಲಿಗಟ್ಟಿದ್ದರೆ ಅಥವಾ ಗೀರುಗಳಿದ್ದರೆ ಪುಣೆ ಬಳಿಯ ಭೋಸರಿಯ ಕಾರ್ಖಾನೆಗಳ ಸುತ್ತ ಇರುವ ಗ್ರೈಂಡಿಂಗ್ ಅಂಗಡಿಗಳಲ್ಲಿ ಮಟ್ಟ ಮಾಡಿಸಬಹುದು. ಪ್ಲೇಟನ್ನು ಅಲೈನ್‌ಮೆಂಟ್ ಟೂಲ್‌ನಿಂದ ನಡುಮಧ್ಯಕ್ಕೆ ಕೂರಿಸಿ, ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಕೊನೆಗೆ ಟಾರ್ಕ್ ರೆಂಚ್‌ನಿಂದ ನಿಗದಿತ ಬಿಗಿತಕ್ಕೆ ತರಬೇಕು. ಸವೆತಕ್ಕೆ ತಕ್ಕಂತೆ ತಾನೇ ಹೊಂದಿಸಿಕೊಳ್ಳುವ ಬಗೆಯ ಪ್ರೆಷರ್ ಪ್ಲೇಟಾದರೆ ಅದಕ್ಕೆಂದೇ ಇರುವ ಟೂಲ್ ಬೇಕು. ಅದಿಲ್ಲದೆ ಬೋಲ್ಟುಗಳಿಂದಲೇ ಎಳೆದು ಬಿಗಿದರೆ ಒಳಗಿನ ಹೊಂದಾಣಿಕೆ ಮುಂದಕ್ಕೆ ಜರುಗಿ, ಪೆಡಲ್ ಮೊದಲ ದಿನವೇ ಕೆಡುತ್ತದೆ. ಪ್ಲೇಟ್ ಕೂರುವ ಶಾಫ್ಟಿನ ಹಲ್ಲುಗಳಿಗೆ (ಸ್ಪ್ಲೈನಿಗೆ) ಗ್ರೀಸ್ ತೆಳುವಾಗಿ ಸವರಿದರೆ ಸಾಕು. ಗೇರ್‌ಬಾಕ್ಸ್ ಏರಿಸುವಾಗ ಅದರ ತೂಕವೆಲ್ಲ ಇನ್‌ಪುಟ್ ಶಾಫ್ಟಿನ ಮೇಲೆ ನೇತಾಡಲು ಬಿಡಬಾರದು. ಪ್ಲೇಟಿನ ಹಬ್ ಬಾಗಿದರೆ ಕ್ಲಚ್ ಬಿಡಿಸಿಕೊಳ್ಳುವುದೇ ಇಲ್ಲ.

ಹೊಸ ಆರ್ಗ್ಯಾನಿಕ್ ಪ್ಲೇಟ್ ಪಳಗಲು ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬೇಕು, ಅದೂ ಮತ್ತೆ ಮತ್ತೆ ಗೇರ್ ಬದಲಿಸುವ ಊರೊಳಗಿನ ಓಡಾಟವೇ ಆಗಬೇಕು. ಒಂದೇ ಗೇರಿನಲ್ಲಿ ಹುಬ್ಬಳ್ಳಿಗೆ ಹೋಗಿ ಬಂದರೆ ಅದು ಲೆಕ್ಕಕ್ಕಿಲ್ಲ. ಪುಣೆಯ ಐಟಿ ಪ್ರದೇಶವಾದ ಹಿಂಜವಡಿಯ ಸಂಜೆಯ ದಟ್ಟಣೆ ಒಳ್ಳೆಯ ಕೆಲಸಕ್ಕೆ ಒದಗುವುದು ಬಹುಶಃ ಇದೊಂದೇ ಸಂದರ್ಭದಲ್ಲಿ. ಈ ಅವಧಿಯಲ್ಲಿ ರೀಮ್ಯಾಪ್ ಮಾಡಿಕೊಟ್ಟ ಟ್ಯೂನರ್ ಬಳಿ ಹೇಳಿ ಮೂಲ ಮ್ಯಾಪನ್ನೇ (ಹಳೆಯ ತಂತ್ರಾಂಶವನ್ನೇ) ಹಾಕಿಸಿಕೊಂಡಿರುವುದು ಕ್ಷೇಮ, ಏಕೆಂದರೆ ಪೂರ್ತಿ ಪಳಗದ ಮೈ ಒಮ್ಮೆ ಜಾರಿ ಸುಟ್ಟು ಹೊಳಪುಗಟ್ಟಿದರೆ ಅದರ ಹಿಡಿತ ಸುಲಭವಾಗಿ ಮರಳುವುದಿಲ್ಲ. ಪಳಗಿದ ಮೇಲೆ ರೀಮ್ಯಾಪ್ ಮರಳಿ ಹಾಕಿಸಿ ಮೊದಲಿನ ಪರೀಕ್ಷೆಯನ್ನೇ ಮಾಡಿರಿ. ಆಗಲೂ 2,000 ಆರ್‌ಪಿಎಂ ಆಸುಪಾಸಿನಲ್ಲಿ ಮಾತ್ರ ಸ್ವಲ್ಪ ಜಾರಿದರೆ ಗೇರ್‌ಬಾಕ್ಸ್ ಮತ್ತೆ ಇಳಿಸುವ ಮೊದಲು, ಅಷ್ಟೇ ವ್ಯಾಪ್ತಿಯಲ್ಲಿ 20ರಿಂದ 30 ನ್ಯೂಟನ್ ಮೀಟರ್ ಟಾರ್ಕ್ ತಗ್ಗಿಸಿಕೊಡುವಂತೆ ಟ್ಯೂನರ್‌ಗೆ ಹೇಳಿ ನೋಡಬಹುದು.