ಕಪಾಟಿನ ಬಾಗಿಲು ಕಳಚಿಸಿ ನೋಡಿ

ಆಟಿಸಂ ಇರುವ ನಮ್ಮಂಥ ದೊಡ್ಡವರಿಗೂ, ನಮ್ಮ ಜೊತೆ ಒಂದೇ ಮನೆಯಲ್ಲಿ ಇರುವವರಿಗೂ ಈ ಮಾತು.

ಮುಚ್ಚಿದ ಬೀರುವಿನೊಳಗೆ ಹೋದ ವಸ್ತು ನನ್ನ ಪಾಲಿಗೆ ಇಲ್ಲವಾದಂತೆಯೇ. ಅದಕ್ಕೇ ಮಾತ್ರೆ, ಕರೆಂಟ್ ಬಿಲ್ಲು, ಚಾರ್ಜರ್ ಎಲ್ಲವೂ ಮೇಜಿನ ಮೇಲೆ ಹರಡಿರುತ್ತಿದ್ದವು. ಹಬ್ಬಕ್ಕೆ ಮುಂಚೆ ಅಮ್ಮ ಎಲ್ಲ ಎತ್ತಿಟ್ಟರೆ ಎರಡು ದಿನ ನನಗೆ ದಿಕ್ಕೇ ತೋಚುತ್ತಿರಲಿಲ್ಲ. ಕೊನೆಗೆ ಅಡುಗೆಮನೆಯ ಕಪಾಟಿನ ಬಾಗಿಲು ಕಳಚಿಸಿದೆವು, ಬೇಳೆಕಾಳನ್ನು ಒಳಗಿರುವುದು ಕಾಣುವ ಡಬ್ಬಿಗಳಿಗೆ ತುಂಬಿದೆವು. ಮನೆಯಲ್ಲಿದ್ದ ತೊಗರಿಬೇಳೆಯನ್ನೇ ಮತ್ತೆ ತರುವುದು ನಿಂತಿತು. ಒಮ್ಮೆ ಉಟ್ಟ ಬಟ್ಟೆಗೆ ಗೋಡೆಯಲ್ಲಿ ನಾಲ್ಕು ಮೊಳೆ, ಅಷ್ಟೇ.

"ಮನೆ ಕ್ಲೀನ್ ಮಾಡು" ಅಂದರೆ ನಾನು ನಿಂತಲ್ಲೇ ನಿಲ್ಲುತ್ತೇನೆ. "ಸಿಂಕಲ್ಲಿರೋ ಲೋಟ ಮಾತ್ರ ತೊಳಿ" ಅಂದರೆ ಕೈ ಓಡುತ್ತದೆ. ದಯವಿಟ್ಟು ಇದನ್ನು ಸೋಮಾರಿತನ ಅನ್ನಬೇಡಿ. ಕೆಲಸವನ್ನು ಸಣ್ಣ ಸಣ್ಣ ಭಾಗ ಮಾಡಿಕೊಂಡು ಮೊದಲ ಹೆಜ್ಜೆ ಇಡುವುದೇ ನಮ್ಮಲ್ಲಿ ಅನೇಕರಿಗೆ ಕಷ್ಟ. ಯಾರಾದರೂ ಸುಮ್ಮನೆ ಪಕ್ಕದಲ್ಲಿ ಕೂತಿದ್ದರೂ ಸಾಕು, ಕೆಲಸ ಸಾಗುತ್ತದೆ.

ಪಾತ್ರೆಯ ಜಿಡ್ಡು, ಫಿನಾಯಿಲ್ ವಾಸನೆ ತಡೆಯಲಾಗದಿದ್ದರೆ ಅದು ನಾಟಕವಲ್ಲ. ಸ್ಪರ್ಶ, ವಾಸನೆ, ಸದ್ದಿಗೆ ಹೀಗೆ ವಿಪರೀತ ಸ್ಪಂದಿಸುವುದನ್ನು ಇಂಥ ಸ್ಥಿತಿಗಳನ್ನು ಗುರುತಿಸಲು ವೈದ್ಯರು ಬಳಸುವ 2013ರ ಕೈಪಿಡಿ ಡಿಎಸ್‌ಎಂ-5 ಆಟಿಸಂನ ಲಕ್ಷಣಗಳಲ್ಲೇ ಸೇರಿಸಿದೆ. ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ನೆಲಕ್ಕೆ ಬರೀ ನೀರು ಹಾಕಿ ಒರೆಸಿದರೂ ನಡೆಯುತ್ತದೆ.

ನಮ್ಮಲ್ಲೇ ಕೆಲವರಿಗೆ ಒಂದು ಚಮಚ ಜಾಗ ಬದಲಿಸಿದರೂ ಸಂಕಟ. ಅಂಥವರೂ ನನ್ನಂಥವರೂ ಒಟ್ಟಿಗಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಮೂಲೆ ಗೊತ್ತುಮಾಡಿಕೊಳ್ಳಿ. ಕೇಳದೆ ಇನ್ನೊಬ್ಬರ ಮೂಲೆ ಮುಟ್ಟಬೇಡಿ.