ಮಂಚದ ಮಾತು ಕೋರ್ಟಿಗೆ ಹೋಗದಂತೆ ಬೇರೆಯಾಗುವುದು ಹೇಗೆ?

ಒಂದೇ ಮನೆ, ಒಂದೇ ಮಂಚ. ಆದರೆ ಒಬ್ಬರ ಕೈ ಇನ್ನೊಬ್ಬರಿಗೆ ತಾಗಿ ವರ್ಷಗಳೇ ಆಗಿವೆ. ಜಗಳವಿಲ್ಲ, ಹೊಡೆತವಿಲ್ಲ, ಕುಡಿತವಿಲ್ಲ. ಹೊರಗಿನವರ ಕಣ್ಣಿಗೆ ಎಲ್ಲ ಸರಿಯಾಗೇ ಇದೆ. ‘ಇಷ್ಟಕ್ಕೆಲ್ಲ ಯಾರಾದರೂ ಡೈವೋರ್ಸ್ ತಗೋತಾರಾ?’ ಎಂದು ನೀವೇ ನಿಮ್ಮನ್ನು ಕೇಳಿಕೊಂಡಿರುತ್ತೀರಿ. ತೆಗೆದುಕೊಳ್ಳುತ್ತಾರೆ. ಪಕ್ಕದಲ್ಲೇ ಇರುವವರು ವರ್ಷಗಟ್ಟಲೆ ಹತ್ತಿರ ಬರದಿದ್ದರೆ ಆಗುವ ನೋವು ಸಣ್ಣದಲ್ಲ. ಆದರೆ ಹೊರಡುವ ಮುಂಚೆ ಮಾಡಬೇಕಾದ ಕೆಲಸಗಳಿವೆ. ಅವು ಹಿಂದುಮುಂದಾದರೆ ಇಬ್ಬರಿಗೂ ಗಾಯ ಜಾಸ್ತಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹೆದರಿಕೆ ಇದ್ದರೆ, ಬಲವಂತ ನಡೆಯುತ್ತಿದ್ದರೆ, ಕೆಳಗಿನ ಮಾತುಕತೆಯ ಹೆಜ್ಜೆಗಳನ್ನೆಲ್ಲ ಬಿಟ್ಟುಬಿಡಿ. ಮೊದಲು ಸುರಕ್ಷಿತ ಜಾಗ, ಆಮೇಲೆ ವಕೀಲರು.

ಏನು ಇಲ್ಲ ಎಂಬುದನ್ನು ಬರೆದಿಡಿ

‘ನಮ್ಮ ನಡುವೆ ಏನೂ ಇಲ್ಲ’ ಎಂಬ ಮಾತಿನೊಳಗೆ ಬೇರೆ ಬೇರೆ ಕೊರತೆಗಳಿರುತ್ತವೆ. ಲೈಂಗಿಕ ಸಂಬಂಧ ಇಲ್ಲವೋ? ಅಪ್ಪುಗೆ, ಸಲಿಗೆ ಇಲ್ಲವೋ? ಮನಸ್ಸು ಬಿಚ್ಚಿ ಮಾತಾಡುವುದೇ ನಿಂತಿದೆಯೋ? ಮೊದಲಿನಿಂದಲೂ ಹೀಗೇನಾ, ಇಲ್ಲ ಹೆರಿಗೆ, ಕಾಯಿಲೆ, ಸಾವು, ಸಾಲ ಇಂಥದ್ದೇನಾದರೂ ಆದ ಮೇಲೆ ಶುರುವಾಯಿತಾ? ನಿಮಗಾಗಿಯೇ ಒಂದು ಪುಟ ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ. ಮುಂದೆ ಡಾಕ್ಟರಾಗಲಿ ವಕೀಲರಾಗಲಿ ಕೇಳುವುದು ಇದನ್ನೇ.

ದೇಹವನ್ನು ಕೇಳಿ

ಬಹಳ ಜನ ಹಾರಿ ದಾಟುವುದು ಇದನ್ನೇ. ನನಗೆ ಹೆಚ್ಚು ಬೇಸರ ತರುವುದೂ ಇದೇ. ‘ಅವರಿಗೆ ನಾನು ಬೇಡ’ ಎಂದು ವರ್ಷಗಟ್ಟಲೆ ಅಳುತ್ತೇವೆ, ಆದರೆ ಒಂದು ರಕ್ತಪರೀಕ್ಷೆ ಮಾಡಿಸಿರುವುದಿಲ್ಲ. ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆ, ಖಿನ್ನತೆ, ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಕಡಿಮೆಯಾಗುವುದು, ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಏರುವುದು, ಇವೆಲ್ಲ ಆಸೆಯನ್ನು ಕುಗ್ಗಿಸುತ್ತವೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಹಾಗೇ ಮಾಡುತ್ತವೆ. ಆದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿದರೆ ಬದಲಿ ದಾರಿ ಇರುತ್ತದೆ. ಹೆಣ್ಣಿಗೆ ಮುಟ್ಟು ನಿಲ್ಲುವ ಹೊತ್ತಿನ ಯೋನಿಯ ಶುಷ್ಕತೆ ನೋವು ತರುತ್ತದೆ. ವಜೈನಿಸ್ಮಸ್ ಎಂಬ ತೊಂದರೆಯಲ್ಲಿ ಅಲ್ಲಿನ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಅದು ಹಟವಲ್ಲ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಗಂಡಸಿಗೆ ನಿಮಿರುವಿಕೆಯ ತೊಂದರೆ ಕೆಲವೊಮ್ಮೆ ಹೃದಯದ ಕಾಯಿಲೆಯ ಮೊದಲ ಸುಳಿವು. ಮದುವೆ ಉಳಿಯಲಿ ಬಿಡಲಿ, ಅದನ್ನು ತೋರಿಸಿಕೊಳ್ಳಲೇಬೇಕು.

ಕಾಯಿಲೆಯೇ ಇಲ್ಲದ ಕಾರಣಗಳೂ ಇವೆ. ಕೆಲವರಿಗೆ ಹುಟ್ಟಿನಿಂದಲೇ ಲೈಂಗಿಕ ಆಸೆ ಇರುವುದಿಲ್ಲ. ಕೆಲವರ ಒಲವು ತಮ್ಮದೇ ಲಿಂಗದವರ ಕಡೆ ಇರುತ್ತದೆ. ಇನ್ನು ಕೆಲವರು ಬಾಲ್ಯದ ದೌರ್ಜನ್ಯವನ್ನು ಯಾರಿಗೂ ಹೇಳದೆ ಹೊತ್ತಿರುತ್ತಾರೆ.

ಮಾತಾಡಿ, ಗಡುವು ಇಟ್ಟುಕೊಳ್ಳಿ

ರಾತ್ರಿ ಮಂಚದ ಮೇಲೆ ಈ ಮಾತು ತೆಗೆಯಬೇಡಿ. ಆಗ ಬೇಡ ಎಂದವರಿಗೆ ಅವಮಾನ, ಕೇಳಿದವರಿಗೂ ಅವಮಾನ. ಹಗಲಲ್ಲಿ ಕೂತು ಅಥವಾ ಜೊತೆಗೆ ನಡೆಯುತ್ತಾ ಹೇಳಿ. ‘ನೀನು ಯಾವತ್ತೂ ಬರೋದೇ ಇಲ್ಲ’ ಎಂದು ಶುರು ಮಾಡಿದರೆ ಬಾಗಿಲು ಮುಚ್ಚಿತು. ‘ನಾನು ತುಂಬಾ ಒಂಟಿಯಾಗಿದ್ದೇನೆ, ಹೀಗೇ ಬದುಕೋಕೆ ನನಗೆ ಆಗ್ತಿಲ್ಲ’ ಎನ್ನಿ. ಆಮೇಲೆ ಸುಮ್ನೆ ಕೇಳಿಸಿಕೊಳ್ಳಿ. ಬೇಡ ಎನ್ನುವ ಹಕ್ಕು ಅವರಿಗಿದೆ. ಅಂಥ ಮದುವೆಯಲ್ಲಿ ಇರಲಾರೆ ಎನ್ನುವ ಹಕ್ಕು ನಿಮಗಿದೆ. ಎರಡೂ ಒಟ್ಟಿಗೆ ನಿಜವಾಗಬಹುದು.

ಇಬ್ಬರೂ ಒಪ್ಪಿದರೆ ದಂಪತಿಗಳ ಆಪ್ತಸಮಾಲೋಚಕರ ಬಳಿ ಹೋಗಿ. ಆರು ತಿಂಗಳೋ ಒಂದು ವರ್ಷವೋ, ಗಡುವನ್ನು ಮೊದಲೇ ನಿಮ್ಮ ನಿಮ್ಮಲ್ಲಿ ಹೇಳಿಕೊಳ್ಳಿ. ಗಡುವಿಲ್ಲದ ‘ನೋಡೋಣ’ ಎಂಬ ಮಾತಿನಲ್ಲೇ ನನ್ನ ಗೆಳತಿಯೊಬ್ಬಳು ಒಂಬತ್ತು ವರ್ಷ ಕಳೆದಳು.

ಯಾವ ಬಾಗಿಲಿನಿಂದ ಹೊರಬರುತ್ತೀರಿ?

ಹೊರಡುವುದು ಗಟ್ಟಿಯಾದರೆ ಕುಟುಂಬ ಪ್ರಕರಣ ನೋಡುವ ವಕೀಲರನ್ನು ಕಾಣಿ. ಕಾನೂನು ದೇಶಕ್ಕೊಂದು, ಕೆಲವೆಡೆ ಧರ್ಮಕ್ಕೊಂದು. ಆದರೂ ಸಾಮಾನ್ಯವಾಗಿ ಮೂರು ಬಾಗಿಲುಗಳಿರುತ್ತವೆ.

ತಪ್ಪು ಹೊರಿಸಿ ಬರುವುದು ಮೊದಲನೆಯದು. ಭಾರತದಲ್ಲಿ ಸರಿಯಾದ ಕಾರಣವಿಲ್ಲದೆ ದೀರ್ಘಕಾಲ ದೈಹಿಕ ಸಂಬಂಧ ನಿರಾಕರಿಸುವುದು ಮಾನಸಿಕ ಕ್ರೌರ್ಯ ಆಗಬಹುದು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಎರಡನೆಯದು, ಮದುವೆಯನ್ನೇ ರದ್ದು ಮಾಡಿಸುವುದು. ಅಸಮರ್ಥತೆಯಿಂದಲೋ ಬೇಕೆಂದೇ ನಿರಾಕರಿಸಿದ್ದರಿಂದಲೋ ದೈಹಿಕ ಸಂಬಂಧ ಒಮ್ಮೆಯೂ ನಡೆದಿಲ್ಲ ಎಂಬುದು ಇಂಗ್ಲೆಂಡಿನಲ್ಲಿ ಇದಕ್ಕೆ ಒಂದು ಆಧಾರ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಬರೀ ನಿರಾಕರಣೆ ಸಾಲದು, ಸಂಬಂಧ ನಡೆಯದಿರಲು ಸಂಗಾತಿಯ ಲೈಂಗಿಕ ಅಸಮರ್ಥತೆಯೇ ಕಾರಣ ಎಂದು ತೋರಿಸಬೇಕು. ಈ ಎರಡು ಬಾಗಿಲುಗಳಲ್ಲೂ ಮಲಗುವ ಕೋಣೆಯ ಕಥೆ ಅಪರಿಚಿತರ ಮುಂದೆ ಬಿಚ್ಚಿಕೊಳ್ಳುತ್ತದೆ. ವೈದ್ಯಕೀಯ ಪರೀಕ್ಷೆಯವರೆಗೂ ಹೋಗಬಹುದು. ನಾಲ್ಕು ಗೋಡೆಯೊಳಗೆ ನಡೆಯದೇ ಇದ್ದದ್ದನ್ನು ಸಾಬೀತು ಮಾಡುವುದು ಸುಲಭವೂ ಅಲ್ಲ.

ಮೂರನೆಯದು ಯಾರ ತಪ್ಪನ್ನೂ ಕೇಳದ ಬಾಗಿಲು. ಅದು ತೆರೆದಿದ್ದರೆ ಅದನ್ನೇ ಹಿಡಿಯಿರಿ ಎನ್ನುತ್ತೇನೆ. ಹಿಂದೂ ವಿವಾಹ ಕಾಯ್ದೆಗೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಸೇರಿದ್ದು 1976ರಲ್ಲಿ. ಒಂದು ವರ್ಷ ಬೇರೆಯಾಗಿದ್ದು ಇಬ್ಬರೂ ಸೇರಿ ಅರ್ಜಿ ಹಾಕಬೇಕು. ಆಮೇಲಿನ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ಬಿಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಸ್ಟ್ರೇಲಿಯಾದಲ್ಲಿ 12 ತಿಂಗಳು ಬೇರೆಯಾಗಿದ್ದರೆ ಸಾಕು, ಕಾರಣ ಕೇಳುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರ ಏಪ್ರಿಲ್‌ನಿಂದ ತಪ್ಪು ತೋರಿಸಬೇಕಿಲ್ಲ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಭಾರತ, ಆಸ್ಟ್ರೇಲಿಯಾ ಎರಡೂ ಕಡೆ, ಒಂದೇ ಸೂರಿನಡಿ ಇದ್ದೂ ಗಂಡ-ಹೆಂಡತಿಯಾಗಿ ಬಾಳದಿದ್ದರೆ ಅದನ್ನೂ ‘ಬೇರೆಯಾಗಿರುವುದು’ ಎಂದು ಪರಿಗಣಿಸುತ್ತಾರೆ. ನಿಮ್ಮ ಲೆಕ್ಕ ಯಾವ ದಿನದಿಂದ ಶುರು ಎಂದು ವಕೀಲರನ್ನು ಕೇಳಿ.

ಕಾಗದ, ಹಣ

ಮದುವೆ ಪ್ರಮಾಣಪತ್ರ, ಬ್ಯಾಂಕ್ ವಿವರ, ಮನೆ ಪತ್ರ, ಸಾಲದ ಪತ್ರ, ವಿಮೆ, ಎಲ್ಲದರ ಪ್ರತಿ ತೆಗೆದಿಡಿ. ನಿಮ್ಮ ಹೆಸರಲ್ಲೇ ಒಂದು ಖಾತೆ ಇರಲಿ. ಕದ್ದು ರೆಕಾರ್ಡ್ ಮಾಡುವುದು, ಸಂಗಾತಿಯ ಫೋನ್ ತೆರೆಯುವುದು ಬೇಡ. ಅದು ನಿಮಗೇ ತಿರುಗಿಬೀಳಬಹುದು.

ಮಕ್ಕಳಿಗೆ, ನೆಂಟರಿಗೆ ಏನು ಹೇಳುವುದು?

ಮಕ್ಕಳಿಗೆ ಇಬ್ಬರೂ ಒಟ್ಟಿಗೆ ಕೂತು ಹೇಳಿ. ಅವರಿಗೆ ಬೇಕಾದ ಉತ್ತರ ಮೂರು: ಇದು ನಿನ್ನಿಂದ ಆದದ್ದಲ್ಲ, ಇಬ್ಬರೂ ನಿನ್ನನ್ನು ಬಿಡುವುದಿಲ್ಲ, ನೀನು ಯಾವಾಗ ಎಲ್ಲಿರುತ್ತೀಯ. ಮಂಚದ ವಿಷಯ ಅವರ ಕಿವಿಗೆ ಬೀಳಕೂಡದು. ಅವರು ದೊಡ್ಡವರಾಗಿದ್ದರೂ ಅಷ್ಟೇ.

ಉಳಿದವರಿಗೆ ಒಂದೇ ವಾಕ್ಯ ಸಾಕು. ಅದನ್ನು ಸಂಗಾತಿಯ ಜೊತೆ ಕೂತು ಮೊದಲೇ ಗೊತ್ತು ಮಾಡಿಕೊಳ್ಳಿ. ನನ್ನ ಗೆಳತಿ ಮತ್ತು ಅವಳ ಗಂಡ ಆರಿಸಿಕೊಂಡದ್ದು ಇದು: ‘ನಾವು ಜೊತೆಗಿದ್ದೂ ಒಂಟಿಯಾಗಿದ್ದೆವು, ಯೋಚಿಸಿಯೇ ಬೇರೆಯಾಗಿದ್ದೇವೆ.’ ಯಾರು ಕೇಳಿದರೂ ಇಬ್ಬರೂ ಅದನ್ನೇ ಹೇಳಿದರು. ಎರಡನೇ ಸಲ ಕೇಳಿದವರಿಗೂ ಅದನ್ನೇ ಹೇಳಿದರು.