ಎಲೆಕ್ಟ್ರಿಕ್ ಸ್ಟೀರಿಂಗ್‌ಗೆ ‘ಫೀಲ್’ ತರುವುದು ಹೇಗೆ?

2011ರಲ್ಲಿ ಪೋರ್ಷೆ 911ರ 991 ತಲೆಮಾರು ಹೈಡ್ರಾಲಿಕ್ ಬಿಟ್ಟು ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್‌ಗೆ ಬಂದಾಗ ಅಭಿಮಾನಿಗಳು ಬೇಸರಪಟ್ಟಿದ್ದರು. ರಸ್ತೆ ಕೈಗೆ ಸಿಗುತ್ತಿಲ್ಲ ಎಂಬುದೇ ದೂರು. ಬೇರೆ ಸ್ಪೋರ್ಟ್ಸ್ ಕಾರುಗಳ ಮಾಲೀಕರೂ ಇದನ್ನೇ ಹೇಳುತ್ತಾರೆ.

ನೀವು ಸ್ಟೀರಿಂಗ್ ತಿರುಗಿಸಿದಾಗ ಒಳಗಿನ ಟಾರ್ಷನ್ ಬಾರ್ ಎಂಬ ಸಣ್ಣ ಸರಳು ಚೂರು ತಿರುಚಿಕೊಳ್ಳುತ್ತದೆ. ಟಾರ್ಕ್ ಸೆನ್ಸರ್ ಅದನ್ನು ಅಳೆಯುತ್ತದೆ. ಕಾರಿನ ವೇಗವನ್ನೂ ನೋಡಿಕೊಂಡು, ಮೋಟರ್ ಎಷ್ಟು ನೆರವು ಕೊಡಬೇಕು ಎಂದು ಇಸಿಯು, ಅಂದರೆ ಸ್ಟೀರಿಂಗ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ತೀರ್ಮಾನಿಸುತ್ತದೆ.

ಸ್ಟೀರಿಂಗ್‌ನ ಭಾರ ಬೇರೆ, ರಸ್ತೆಯ ಸುಳಿವನ್ನು ಕೈಗೆ ತಲುಪಿಸುವ ಫೀಲ್ ಬೇರೆ. ಕೆಲವರು ಫೀಲ್ ಬರಲಿ ಎಂದು ನೆರವಿನ ಮೋಟರ್‌ನ ಫ್ಯೂಸನ್ನೇ ಸುಮ್ನೆ ಕಿತ್ತುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಂತ ಮೋಟರನ್ನೂ ಅದರ ಗೇರನ್ನೂ ಆಮೇಲೆ ನಿಮ್ಮ ಕೈಯೇ ಎಳೆಯಬೇಕು. ಭಾರ ಬರುತ್ತದೆ, ಫೀಲ್ ಬರುವುದಿಲ್ಲ.

ಟೈರ್‌ನಿಂದ ಶುರು ಮಾಡಿ. ಟೈರ್ ತಣ್ಣಗಿರುವಾಗ ಕಂಪನಿ ಹೇಳಿದಷ್ಟು ಗಾಳಿ ಇದೆಯೇ ನೋಡಿ. ತಿರುವಿನಲ್ಲಿ ಮುಂದಿನ ಟೈರ್ ಹಿಡಿತ ಕಳೆದುಕೊಳ್ಳುವ ಸ್ವಲ್ಪ ಮೊದಲು ಸ್ಟೀರಿಂಗ್ ಕೊಂಚ ಹಗುರಾಗುತ್ತದೆ. ನಮಗೆ ಬೇಕಿರುವುದು ಆ ಸುಳಿವೇ. ಗಾಳಿ ಕಡಿಮೆಯಿದ್ದು ಟೈರ್‌ನ ಪಕ್ಕದ ಗೋಡೆ ಮೆತ್ತಗಾದರೆ ಅದು ಅಲ್ಲೇ ಮಸುಕಾಗುತ್ತದೆ.

ಮುಂದಿನದು ರ‍್ಯಾಕ್‌ನ ಬುಷ್. ಸ್ಟೀರಿಂಗ್ ತಿರುಗಿಸಿದಾಗ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಭಾಗ ರ‍್ಯಾಕ್; ಅದನ್ನು ಕಾರಿಗೆ ಹಿಡಿದಿಡುವ ಮೆತ್ತೆ ಬುಷ್. ಕಾರು ತನ್ನ ಚಕ್ರಗಳ ಮೇಲೇ ನಿಲ್ಲುವಂಥ ಲಿಫ್ಟ್‌ಗೆ ಏರಿಸಿ, ಚಕ್ರ ಭಾರ ಹೊತ್ತಿರುವಾಗಲೇ ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ಆಡಿಸಲಿ, ಇನ್ನೊಬ್ಬರು ಕೆಳಗಿಂದ ನೋಡಲಿ. ಚಕ್ರ ತಿರುಗುವ ಮೊದಲೇ ರ‍್ಯಾಕ್ ಪಕ್ಕಕ್ಕೆ ಜರುಗಿದರೆ ರಬ್ಬರ್ ಬುಷ್ ಸೋತಿದೆ ಎಂದರ್ಥ. ಪಾಲಿಯುರೆಥೇನ್ ಬುಷ್ ಹಾಕಿಸಿ. ಅಲ್ಯೂಮಿನಿಯಂ ಇನ್ನೂ ಗಟ್ಟಿ, ಆದರೆ ದಿನವೂ ಓಡಿಸುವ ಕಾರಿಗೆ ಅದರ ನಡುಕ ಜಾಸ್ತಿಯಾಯಿತು. ಟೈ ರಾಡ್ ಎಂಡ್, ಬಾಲ್ ಜಾಯಿಂಟ್ ಎಂಬ ಚಕ್ರದ ಬಳಿಯ ಕೀಲುಗಳಲ್ಲಿ ಪ್ಲೇ (ಸಡಿಲ) ಇದ್ದರೆ ಅವನ್ನೂ ಬದಲಿಸಿ.

ಇದಾದ ಮೇಲೆ ವೀಲ್ ಅಲೈನ್‌ಮೆಂಟ್. ಕ್ಯಾಸ್ಟರ್ ಎಂದರೆ ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ. ಅದನ್ನು ಹೊಂದಿಸಲು ಆಗುವ ಕಾರಾದರೆ ಎರಡೂ ಕಡೆ ಸಮನಾಗಿ ಅರ್ಧ ಡಿಗ್ರಿಯಷ್ಟು ಹೆಚ್ಚಿಸಿ ನೋಡಿ. ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವ ಬಲ ಹೆಚ್ಚುತ್ತದೆ. ಕೆಲಸ ಮುಗಿದ ಮೇಲೆ ಸ್ಟೀರಿಂಗ್ ಆ್ಯಂಗಲ್ ಸೆನ್ಸರ್‌ನ ಸೊನ್ನೆಯನ್ನು ಸ್ಕ್ಯಾನರ್‌ನಲ್ಲಿ ಮತ್ತೆ ಹೊಂದಿಸಲೇಬೇಕು. ಕಾರು ಜಾರದಂತೆ ನೋಡಿಕೊಳ್ಳುವ ಸ್ಟೆಬಿಲಿಟಿ ಕಂಟ್ರೋಲ್ ಅದನ್ನೇ ನಂಬಿ ಕೆಲಸ ಮಾಡುತ್ತದೆ.

ಎಲೆಕ್ಟ್ರಾನಿಕ್ಸ್ ಕೊನೆಗಿರಲಿ. ನುರಿತ ಟ್ಯೂನರ್‌ಗಳು ಕೆಲವು ಕಾರುಗಳ ಸ್ಟೀರಿಂಗ್ ಇಸಿಯುನಲ್ಲಿರುವ ನೆರವಿನ ಮ್ಯಾಪನ್ನೇ, ಅಂದರೆ ಯಾವಾಗ ಎಷ್ಟು ನೆರವು ಎಂಬ ಪಟ್ಟಿಯನ್ನೇ, ತಿದ್ದುತ್ತಾರೆ. ಮೂಲ ಫೈಲ್ ಉಳಿಸಿಕೊಂಡು, ನೆರವನ್ನು ಸ್ವಲ್ಪಸ್ವಲ್ಪವೇ ಇಳಿಸಬೇಕು. ವೇಗ ಹೆಚ್ಚಿದಂತೆ ನೆರವು ಇಳಿಯುವುದರಿಂದ, ವೇಗದ ಸಿಗ್ನಲ್ ಹೆಚ್ಚಿಸಿ ತೋರಿಸಿ ಇಸಿಯುವನ್ನು ನಂಬಿಸುವ ಪೆಟ್ಟಿಗೆಗಳೂ ಇವೆ. ನನ್ನ ಮಟ್ಟಿಗೆ ಮ್ಯಾಪ್ ತಿದ್ದುವುದೇ ಮೇಲು. ಟಾರ್ಕ್ ಸೆನ್ಸರ್‌ನ ವೈರ್ ಮಾತ್ರ ಮುಟ್ಟಬೇಡಿ. ಸಿಗ್ನಲ್‌ಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಇಸಿಯು ನೆರವನ್ನು ತಿರುವಿನ ಮಧ್ಯದಲ್ಲೇ ನಿಲ್ಲಿಸಿಬಿಡಬಹುದು. ಸ್ಟೀರಿಂಗ್‌ನ ಕಂಬವಾದ ಕಾಲಂ ಬಿಚ್ಚುವುದಿದ್ದರೆ ಏರ್‌ಬ್ಯಾಗ್ ಅಲ್ಲೇ ಇದೆ, ಅಲ್ವಾ? ಬ್ಯಾಟರಿ ಕಳಚಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ರತಿ ಬಾರಿಯೂ ಟ್ರ್ಯಾಕ್‌ನ ಅದೇ ತಿರುವಿನಲ್ಲಿ, ಅದೇ ವೇಗದಲ್ಲಿ ಓಡಿಸಿ ನೋಡಿ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.